ಮೊದಲ ಪಂದ್ಯಕ್ಕೆ ಹೊರಟವರ ಹೆದರಿಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ನಮ್ಮ ಕಾರವಾರದ ಟಾಗೋರ್ ಬೀಚ್ ಬಿಟ್ಟು ಈ ಸೆಕೆಯ ಹಾಲಿಗೆ ಬಂದು ಕೂತಿದ್ದೀರಿ, ಅದೇ ದೊಡ್ಡ ಉಪಕಾರ.

ನಾನು ಕಲಿಸುವ ಕ್ಲಾಸಿನ ನಾಲ್ಕು ಮಕ್ಕಳು ಮುಂದಿನ ತಿಂಗಳು ಮೊದಲ ಸಲ ಹವ್ಯಾಸಿ ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲ ಸೇರಿದ ಕಾಳಗದ ಪಂದ್ಯಕ್ಕೆ ಇಳಿಯುತ್ತಾರೆ. ಈ ಆಟ ಏನು ಅಂತ ಅವರೇ ಮೊಬೈಲಿನಲ್ಲಿ ತೋರಿಸಿ ನಿಮ್ಮ ತಲೆ ತಿಂದಿದ್ದಾರೆ, ನಾನು ಮತ್ತೆ ತಿನ್ನುವುದಿಲ್ಲ. ಆದರೆ ನೀವು ನೋಡಿದ್ದು ವೃತ್ತಿಪರರ ಆಟ. ಅಲ್ಲಿ ಒಂದು ಸುತ್ತು ಐದು ನಿಮಿಷ. ಹವ್ಯಾಸಿಗಳ ಅಂತಾರಾಷ್ಟ್ರೀಯ ಒಕ್ಕೂಟ ಇಮ್ಮಾಫ್ ಅಂತ ಇದೆ, 2012ರಲ್ಲಿ ಶುರುವಾದದ್ದು. ಅದರ ನಿಯಮದಲ್ಲಿ ಮೂರು ನಿಮಿಷದ ಮೂರು ಸುತ್ತು. ಮೊಣಕೈಯಿಂದ ಹೊಡೆಯುವ ಹಾಗಿಲ್ಲ. ಮೊಣಕಾಲಿನಿಂದ ತಲೆಗೆ ಹೊಡೆಯುವ ಹಾಗಿಲ್ಲ. ಮೊಣಕಾಲಿನ ಕೆಳಗೆ ಶಿನ್ ಗಾರ್ಡ್ ಅನ್ನುವ ಮೆತ್ತನೆ ಕವಚ ಇರುತ್ತದೆ. ಮುಂದಿನ ಸಾಲಿನ ತಾಯಂದಿರು ಈಗ ಸ್ವಲ್ಪ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ನಾನು ಹೇಳಬೇಕಾದದ್ದು ಹೆದರಿಕೆಯ ಬಗ್ಗೆ. "ನಮ್ಮ ಹುಡುಗ ಈಗಲೇ ಸರಿಯಾಗಿ ಊಟ ಮಾಡುತ್ತಿಲ್ಲ, ಇವನಿಂದ ಆಗುತ್ತದಾ?" ಅಂತ ಪಾಲಕರು ಕೇಳುತ್ತಿದ್ದಾರೆ. ಆಗುತ್ತದೆ. ಅಡ್ರಿನಲಿನ್ ಏರಿದಾಗ ಎದೆ ಬಡಿತ ಜೋರಾಗುತ್ತದೆ, ಬಾಯಿ ಒಣಗುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಓಡುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಅದಕ್ಕೇ ಹಸಿವಿಲ್ಲ, ಅದಕ್ಕೇ ಹತ್ತು ಸಲ ಬಾತ್‌ರೂಮ್. ದೇಹ ಕೆಲಸಕ್ಕೆ ತಯಾರಾಗುತ್ತಿದೆ, ಅಷ್ಟೇ.

ಆದರೆ ಮಕ್ಕಳು ಹೆದರುವುದು ಯಾವುದಕ್ಕೆ? ನಾನು ಎಲ್ಲರನ್ನೂ ಕೇಳುತ್ತೇನೆ. ಪೆಟ್ಟು ಬೀಳುತ್ತದೆ ಅಂತ ಅನ್ನುವವರು ಬಹಳ ಕಡಿಮೆ. ಸ್ಪಾರಿಂಗ್‌ನಲ್ಲಿ, ಅಂದರೆ ಜೋಡಿಯಾಗಿ ಆಡುವ ಅಭ್ಯಾಸದಲ್ಲಿ, ವಾರವಿಡೀ ಪೆಟ್ಟು ತಿಂದು ಅಭ್ಯಾಸವಾಗಿದೆ. ಅವರು ಹೆದರುವುದು ನಮಗೆ. ಸೋತರೆ ಊರಲ್ಲಿ ಏನಂತಾರೆ ಅನ್ನುವುದಕ್ಕೆ. ಕಾಜುಬಾಗದಲ್ಲಿ ಸೀನಿದರೆ ಬೈತ್‌ಖೋಲದಲ್ಲಿ ಕೇಳಿಸುವ ಊರು ನಮ್ಮದು, ಅಲ್ವಾ?

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಅವಳು ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ. ಮೀನುಗಾರರ ಮನೆಯವಳು. ಬೆಂಗಳೂರಿನಲ್ಲಿ ಅವಳ ಮೊದಲ ಪಂದ್ಯ. ಪರದೆಯ ಹಿಂದೆ ಅವಳ ಕೈಗೆ ಪಟ್ಟಿ ಸುತ್ತುತ್ತಿದ್ದೆ. ಬೆರಳುಗಳು ಐಸ್ ಪೆಟ್ಟಿಗೆಯಿಂದ ತೆಗೆದ ಬಂಗುಡೆಯ ಹಾಗೆ ತಣ್ಣಗಿದ್ದವು. ಒಂದೇ ಸಮ ಆಕಳಿಕೆ. "ಅಕ್ಕಾ, ನಿದ್ದೆ ಬರ್ತಾ ಇದೆ, ನನ್ನಿಂದ ಆಗೂದಿಲ್ಲ" ಅಂದಳು. ನಿದ್ದೆ ಅಲ್ಲ ಮಾರಾಯ್ತಿ, ಪಂದ್ಯದ ಮುಂಚೆ ಎಷ್ಟೋ ಜನರಿಗೆ ಹೀಗೇ ಆಕಳಿಕೆ ಬರುತ್ತದೆ ಅಂದೆ. ಎದುರಾಳಿಗೆ ಹೆದರಿಕೆಯಾ ಅಂತ ಕೇಳಿದೆ. ಇಲ್ಲವಂತೆ. ಮತ್ತೇನು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಲೈವ್ ಉಂಟಲ್ಲ ಅಕ್ಕಾ. ಮಾಮ ಎಲ್ಲರಿಗೂ ಲಿಂಕ್ ಕಳಿಸಿದ್ದಾನೆ."

ನೋಡಿ, ಇದು ನಿಜವಾದ ಹೆದರಿಕೆ. ಎದುರಿನ ಹುಡುಗಿಯದ್ದಲ್ಲ, ಮಾಮನ ಲಿಂಕಿನದ್ದು!

ಒಳಗೆ ಹೋದಳು. ಮೊದಲ ಅರ್ಧ ನಿಮಿಷ ಕಾಲೇ ಎತ್ತಲಿಲ್ಲ. ನಾನು ಮೂಲೆಯಿಂದ ಕೂಗಿದ್ದು ಅವಳಿಗೆ ಕೇಳುತ್ತಲೇ ಇರಲಿಲ್ಲ. ಮೂಗಿನ ಮೇಲೆ ಒಂದು ಜಾಬ್, ನೇರ ಗುದ್ದು, ಬಿತ್ತು. ಅಲ್ಲಿಂದ ಹುಡುಗಿ ಎಚ್ಚರಾದಳು. ಹೊಡೆದಳು, ಕಾಲು ಹಿಡಿದು ಕೆಡವಿದಳು, ನಮ್ಮ ಕ್ಲಾಸಿನಲ್ಲಿ ಆಡುವ ಹಾಗೇ ಆಡಿದಳು. ಎರಡನೇ ಸುತ್ತಿನಲ್ಲಿ ಎದುರಾಳಿ ಆರ್ಮ್‌ಬಾರ್ ಹಾಕಿದಳು, ಅಂದರೆ ಕೈ ಹಿಡಿದೆಳೆದು ಮೊಣಕೈಯನ್ನು ಹಿಂದಕ್ಕೆ ಒತ್ತುವ ಪಟ್ಟು. ಮೊಣಕೈ ನೆಟ್ಟಗಾಗಿ ಬಿಗಿಯಾಗುತ್ತಿದ್ದ ಹಾಗೇ ಇವಳು ಇನ್ನೊಂದು ಕೈಯಿಂದ ಎದುರಾಳಿಯ ಕಾಲಿಗೆ ಟಪಟಪ ತಟ್ಟಿದಳು. ಟ್ಯಾಪ್, ಅಂದರೆ ಸೋತೆ, ಬಿಡು ಅನ್ನುವ ಸನ್ನೆ. ಪಂದ್ಯ ಮುಗಿಯಿತು.

ಆಮೇಲೆ ಅಮ್ಮನ ಫೋನು. ಅಮ್ಮ ಕೇಳಿದ್ದು ಎರಡೇ: ಕೈ ಹೇಗುಂಟು, ಊಟ ಮಾಡಿದ್ಯಾ. ಆ ಅಮ್ಮನಿಗೆ ನಾನು ಕೈ ಮುಗಿಯುತ್ತೇನೆ. ಊರಿನವರು? ಎರಡು ದಿನ ಮಾತಾಡಿದರು. ಅಷ್ಟರಲ್ಲಿ ಮೀನಿನ ರೇಟು ಏರಿತು, ಎಲ್ಲರಿಗೂ ಅದರದ್ದೇ ಮಾತು. ಆ ಹುಡುಗಿ ಈಗ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಮೊದಲ ದಿನ ಕಲಿಸುವುದೇ ಟ್ಯಾಪ್ ಮಾಡುವುದನ್ನು.

ಟ್ಯಾಪ್ ಮಾಡಿದರೆ ಮಾನ ಹೋಯಿತು ಅಂತ ತಿಳಿದವರು ಇದನ್ನು ಕೇಳಿ. ಕೆನಡಾದ ಜಾರ್ಜ್ ಸೇಂಟ್ ಪಿಯೆರ್ 2004ರಲ್ಲಿ ಎಂಎಂಎಯ ದೊಡ್ಡ ವೃತ್ತಿಪರ ಕೂಟವಾದ ಯುಎಫ್‌ಸಿಯ ಪಟ್ಟಕ್ಕಾಗಿ ಮೊದಲ ಸಲ ಆಡಿದರು. ಎದುರಾಳಿ ಮ್ಯಾಟ್ ಹ್ಯೂಸ್. ಪಿಯೆರ್ ಅವರಿಗೆ ಹ್ಯೂಸ್ ಮೇಲೆ ಎಷ್ಟು ಗೌರವವೋ ಅಷ್ಟೇ ಅಳುಕು. ಸುತ್ತು ಮುಗಿಯಲು ಒಂದೇ ಸೆಕೆಂಡ್ ಇದೆ, ಆರ್ಮ್‌ಬಾರ್‌ಗೆ ಟ್ಯಾಪ್ ಮಾಡಿದರು. 2006ರಲ್ಲಿ ಅದೇ ಹ್ಯೂಸ್ ಅವರನ್ನು ಸೋಲಿಸಿ ಪಟ್ಟ ಗೆದ್ದರು. ಪಂದ್ಯದ ಮುಂಚೆ ತನಗೆ ಹೆದರಿಕೆ ಆಗುತ್ತದೆ ಅಂತ ಅಷ್ಟು ದೊಡ್ಡ ಆಟಗಾರ ಬಾಯಿಬಿಟ್ಟು ಹೇಳಿದ್ದಾರೆ. ನಮ್ಮ ಹುಡುಗರು ಮನೆಯಲ್ಲಿ ಹೇಳುವುದಿಲ್ಲ. ಯಾಕೆ? ಮತ್ತೆ ನಾವೇ.

ಜನರ ಕಣ್ಣಿನ ಹೆದರಿಕೆಗೆ ಮದ್ದು ಜನರ ಕಣ್ಣೇ. ಇದು ನಮ್ಮ ಜಿಲ್ಲೆಗೆ ಹೊಸ ವಿಷಯವೇ ಅಲ್ಲ. ಯಕ್ಷಗಾನದಲ್ಲಿ ಹೊಸ ಹುಡುಗನನ್ನು ಮೊದಲ ದಿನವೇ ಅರ್ಜುನ ಮಾಡುತ್ತಾರಾ? ಇಲ್ಲ. ಮುಖ್ಯ ಪ್ರಸಂಗಕ್ಕೆ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಕೊಟ್ಟು ಕುಣಿಸುತ್ತಾರೆ. ಆಗಿನ್ನೂ ಜನ ಬಂದು ಕೂರುತ್ತಿರುತ್ತಾರೆ. ತಾಳ ತಪ್ಪಿದರೂ ಭಾಗವತರು ಹೊಂದಿಸಿಕೊಂಡು ಹೋಗುತ್ತಾರೆ. ಹುಡುಗನ ಕಾಲಿಗೆ ರಂಗಸ್ಥಳ ಅಭ್ಯಾಸವಾಗುತ್ತದೆ. ಕುಸ್ತಿಯಲ್ಲೂ ಹಾಗೇ, ಹಳಿಯಾಳದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮೊದಲು ಚಿಕ್ಕ ಹುಡುಗರ ಜೋಡಿ, ದೊಡ್ಡ ಪೈಲ್ವಾನರು ಕೊನೆಗೆ. ಹಿರಿಯರು ಮಕ್ಕಳಿಗೆ ಧೈರ್ಯದ ಭಾಷಣ ಮಾಡಲಿಲ್ಲ, ಜನರ ಮುಂದೆ ನಿಲ್ಲುವ ಸಣ್ಣ ಸಣ್ಣ ಅವಕಾಶ ಕೊಟ್ಟರು. ನಾವು ಮಾತ್ರ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕಲಿಸಿ, ಒಮ್ಮೆಗೇ ದೀಪದ ಕೆಳಗೆ ನಿಲ್ಲಿಸಿ, "ಹೆದರಬೇಡ" ಅನ್ನುತ್ತೇವೆ.

ಆ "ಹೆದರಬೇಡ" ಅನ್ನುವುದನ್ನು ದಯವಿಟ್ಟು ಬಿಡಿ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರ ಮುಂದೆ ಹಾಡುವ, ಮಾತಾಡುವ ಮುಂಚೆ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾಡಿದರು. "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗೆ ಅಷ್ಟು ಆಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ಶಾಂತ ಅಂದರೆ ಎದೆ ನಂಬುವುದಿಲ್ಲ. ಹುರುಪು ಅಂದರೆ ನಂಬುತ್ತದೆ.

ಐದು ನಿಮಿಷ ಅಂತ ಚೀಟಿ ಬಂತು. ಇನ್ನೂ ಮೂರು ಪುಟ ಉಂಟು ಇಲ್ಲಿ. ಓಡಿಸುತ್ತೇನೆ.

ಉಸಿರು: ಮೂಗಿನಿಂದ ಎಳೆದು, ಎಳೆದದ್ದಕ್ಕಿಂತ ಜಾಸ್ತಿ ಹೊತ್ತು ಬಿಡುವುದು. ಹೊರಗೆ ಬಿಡುವಾಗ ಎದೆ ಬಡಿತ ನಿಧಾನವಾಗುತ್ತದೆ. ಮನೆಯಲ್ಲೂ ಮಾಡಿಸಿ. ಊಟ: ಅಭ್ಯಾಸದ್ದೇ ಕೊಡಿ, ಗಂಜಿ ಕುಡಿಯುವವನಿಗೆ ಆ ದಿನ ಯಾವುದೋ ಹೊಸ ಪುಡಿ ಬೇಡ. ತೂಕ ಇಳಿಸಲು ನೀರು ಬಿಡಿಸುವುದು ನಮ್ಮಲ್ಲಿ ಇಲ್ಲವೇ ಇಲ್ಲ, ಯಾರಾದರೂ ಹೇಳಿಕೊಟ್ಟರೆ ನನಗೆ ಫೋನ್ ಮಾಡಿ. ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಬೈಯಬೇಡಿ, ಸುಮ್ನೆ ಮಲಗಿರಲಿ. ಉಳಿದದ್ದು ಆಮೇಲೆ ಕೇಳಿ, ಚಹಾ ಕುಡಿಯುತ್ತಾ ಹೇಳುತ್ತೇನೆ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಪಂದ್ಯದವರೆಗೆ ಪ್ರತಿ ಶನಿವಾರ ಸಂಜೆ ಕ್ಲಾಸಿನಲ್ಲಿ ಅಣಕು ಪಂದ್ಯ ಇಟ್ಟಿದ್ದೇವೆ. ಹೆಸರು ಕೂಗಿ ಕರೆಯುತ್ತೇವೆ, ರೆಫರಿ ಇರುತ್ತಾರೆ, ಗಂಟೆ ಹೊಡೆಯುತ್ತದೆ. ಇಲ್ಲದೇ ಇರುವುದು ಜನ. ನೀವು ಬನ್ನಿ. ಕೂಗಿ, ಸೀಟಿ ಹೊಡೆಯಿರಿ, ಮೊಬೈಲ್ ಎತ್ತಿ ವಿಡಿಯೊ ಮಾಡಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ, ಲಿಂಕ್ ಕಳಿಸುವ ಮಾಮಂದಿರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕುತ್ತೇವೆ. ಸೋತವರಿಗೂ ಗೆದ್ದವರಿಗೂ ಒಂದೇ ಚಪ್ಪಾಳೆ ತಟ್ಟಿ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಯಾವ ಶನಿವಾರ ಎಷ್ಟು ಜನ ಬರುತ್ತೀರಿ ಅಂತ ಬರೆದು ಹೋಗಿ. ಚಹಾಕ್ಕೆ ಹಾಲು ಹೇಳಬೇಕು.