ಇಪ್ಪತ್ತೈದು ವರ್ಷದ ಮೆಂಬರ್ ಮತ್ತೆ ಕಣಕ್ಕಿಳಿದಾಗ

[ದೃಶ್ಯ: ಗ್ರಾಮ ಪಂಚಾಯಿತಿ ಕಚೇರಿಯ ಸೂಚನಾ ಫಲಕ. ಹೊಸದಾಗಿ ಅಂಟಿಸಿದ ಹಾಳೆಯ ಮೇಲೆ ಬೆರಳು ಓಡಿಸುತ್ತಿರುವ ಕೈ.]

ನಮಸ್ಕಾರ. ಪಂಚಾಯಿತಿ ಕಚೇರಿಯ ಸೂಚನಾ ಫಲಕದ ಮುಂದೆ ಬೇರೆ ದಿನಗಳಲ್ಲಿ ಯಾರೂ ನಿಲ್ಲುವುದಿಲ್ಲ. ಆದರೆ ಮೀಸಲಾತಿಯ ಅಧಿಸೂಚನೆ ಅಲ್ಲಿ ಅಂಟಿದ ದಿನ ಊರಿನ ಅರ್ಧ ರಾಜಕೀಯ ಅದೇ ಫಲಕದ ಮುಂದೆ ನಡೆದುಹೋಗುತ್ತದೆ. ಎರಡು ದಶಕಗಳಿಗೂ ಹೆಚ್ಚು ಕಾಲ 'ಮೆಂಬರ್ರು' ಎಂದೇ ಕರೆಸಿಕೊಂಡು ಬಂದವರು ಈ ಬಾರಿ ನಿಲ್ಲಬಹುದೋ ಇಲ್ಲವೋ ಎಂಬುದು, ಮತದಾರ ಬಾಯಿ ತೆರೆಯುವ ಮೊದಲೇ, ಆ ಒಂದು ಹಾಳೆಯಲ್ಲಿ ತೀರ್ಮಾನವಾಗಿರುತ್ತದೆ. ದೀರ್ಘಕಾಲ ಸದಸ್ಯರಾಗಿದ್ದವರು ಮತ್ತೆ ಆಯ್ಕೆ ಬಯಸಿದಾಗ ಕರ್ನಾಟಕದ ಹಳ್ಳಿಗಳಲ್ಲಿ ನಿಜವಾಗಿ ಏನೇನು ನಡೆಯುತ್ತದೆ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

ವಿವರಣೆಗಾಗಿ ಒಬ್ಬ ಸದಸ್ಯರನ್ನು ಕಲ್ಪಿಸಿಕೊಳ್ಳೋಣ. ಬಯಲುಸೀಮೆಯ ಒಂದು ಊರು. 2000ದಲ್ಲಿ ಮೊದಲ ಸಲ ಗೆದ್ದರು, 2005ರಲ್ಲಿ ಗೆದ್ದರು, 2010ರಲ್ಲಿಯೂ ಗೆದ್ದರು. 2015ರಲ್ಲಿ ಅವರ ಸ್ಥಾನ ಮಹಿಳೆಗೆ ಮೀಸಲಾಯಿತು, ಅವರ ಪತ್ನಿ ನಾಮಪತ್ರ ಸಲ್ಲಿಸಿ ಗೆದ್ದರು. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯಲ್ಲಿ ಮತ್ತೆ ಇವರೇ ಬಂದರು. ಊರಿನವರನ್ನು ಕೇಳಿದರೆ 'ಐದು ಸಲದ ಮೆಂಬರ್' ಎನ್ನುತ್ತಾರೆ. ದಾಖಲೆ ನಾಲ್ಕೇ ಸಲ ಎನ್ನುತ್ತದೆ. ನಡುವಿನ ಐದು ವರ್ಷ ಸಹಿ ಪತ್ನಿಯದು, ಸಭೆಯಲ್ಲಿ ಮಾತು ಗಂಡನದು. ಈ ವ್ಯತ್ಯಾಸ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಚುನಾಯಿತಳಾದ ಒಬ್ಬ ಮಹಿಳೆಯ ಐದು ವರ್ಷಗಳು ಯಾರೂ ಕೇಳದೆ ಇನ್ನೊಬ್ಬರ ಖಾತೆಗೆ ಜಮೆಯಾಗಿವೆ.

ಮೀಸಲಾತಿಯ ಈ ಆವರ್ತನೆ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಬಂದದ್ದು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಲೆಕ್ಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಹಿಂದುಳಿದ ವರ್ಗಗಳಿಗೆ ಅ ಮತ್ತು ಬ ಎಂದು ವಿಂಗಡಿಸಿ, ಪ್ರತಿ ವರ್ಗದೊಳಗೂ ಮಹಿಳೆಯರಿಗೆಂದು ಸ್ಥಾನಗಳನ್ನು ಗುರುತಿಸಲಾಗುತ್ತದೆ. ಮಹಿಳೆಯರ ಪಾಲು ಮೊದಲು ಮೂರನೇ ಒಂದರಷ್ಟಿದ್ದದ್ದು ಈಗ ಅರ್ಧಕ್ಕೇರಿದೆ. 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗಲೇ ಕರ್ನಾಟಕ ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿತ್ತು. ಆ ವ್ಯವಸ್ಥೆಯ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಯ ಜನ ಕೊಳವೆ ಬಾವಿಗಳ ನೆನಪಿನಲ್ಲಿ ಇಂದಿಗೂ 'ನೀರ್ ಸಾಬ್' ಎನ್ನುತ್ತಾರೆ.

ಸ್ಥಾನ ಕೈತಪ್ಪಿದರೆ ಹಳೆಯ ಸದಸ್ಯರ ಮುಂದೆ ಉಳಿಯುವ ದಾರಿಗಳು ಕೆಲವೇ. ಮನೆಯವರನ್ನು ನಿಲ್ಲಿಸುವುದು ಒಂದು. ಪಕ್ಕದ ಕ್ಷೇತ್ರಕ್ಕೆ ಹೋಗುವುದು ಇನ್ನೊಂದು: ಅದೇ ಪಂಚಾಯಿತಿಯ ಯಾವುದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದು 21 ವರ್ಷ ತುಂಬಿದ್ದರೆ ಬೇರೆ ಕ್ಷೇತ್ರದಿಂದಲೂ ಸ್ಪರ್ಧಿಸಲು ಅವಕಾಶವಿದೆ. ಆದರೆ ಕಾನೂನಿನಲ್ಲಿ ಇದ್ದಷ್ಟು ಸಲೀಸಾಗಿ ಇದು ಊರಿನಲ್ಲಿ ನಡೆಯುವುದಿಲ್ಲ. 'ನಮ್ಮ ಬೀದಿಯಲ್ಲಿ ಗಂಡಸರಿಲ್ಲವೇ' ಎಂಬ ಪ್ರಶ್ನೆ ನಾಮಪತ್ರಕ್ಕೆ ಮುಂಚೆಯೇ ಎದುರಾಗುತ್ತದೆ.

[ದೃಶ್ಯ: ಮತಗಟ್ಟೆಯೊಳಗಿನ ರಟ್ಟಿನ ಮರೆ. ಮೇಜಿನ ಮೇಲೆ ಮತಪತ್ರ, ರಬ್ಬರ್ ಮೊಹರು.]

ಈಗ ನಮ್ಮ ಸದಸ್ಯರ ಸ್ಥಾನ ಸಾಮಾನ್ಯವಾಗಿಯೇ ಉಳಿಯಿತು ಎಂದುಕೊಳ್ಳಿ. ನಗರದ ವೀಕ್ಷಕರಿಗೆ ಸಾಮಾನ್ಯವಾಗಿ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಗ್ರಾಮ ಪಂಚಾಯಿತಿಯ ಒಂದು ಕ್ಷೇತ್ರದಿಂದ ಒಬ್ಬರೇ ಆಯ್ಕೆಯಾಗಬೇಕೆಂದಿಲ್ಲ. ಎರಡು, ಮೂರು, ನಾಲ್ಕು ಸ್ಥಾನಗಳೂ ಇರುತ್ತವೆ, ಮತ್ತು ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಪ್ರತಿಯೊಬ್ಬ ಮತದಾರನಿಗೂ ಸಿಗುತ್ತವೆ. ಅನುಭವಿ ಸದಸ್ಯನ ಚಾಣಾಕ್ಷತನ ತೆರೆದುಕೊಳ್ಳುವುದು ಇಲ್ಲಿಯೇ. ಪರಿಶಿಷ್ಟ ಜಾತಿಯ ಸ್ಥಾನಕ್ಕೆ ನಿಂತವರೊಡನೆ, ಮಹಿಳಾ ಸ್ಥಾನಕ್ಕೆ ನಿಂತವರೊಡನೆ ಕೂಡಿ ಅವರು ಒಂದು 'ಸೆಟ್' ಮಾಡಿಕೊಳ್ಳುತ್ತಾರೆ. ಮೂವರ ಚಿಹ್ನೆಗಳೂ ಒಂದೇ ಕರಪತ್ರದಲ್ಲಿ ಅಚ್ಚಾಗುತ್ತವೆ, ನಿಮ್ಮ ಮೂರು ಮತಗಳು ಈ ಮೂವರಿಗೆ ಎಂಬ ಮಾತು ಮನೆಮನೆಗೆ ತಲುಪುತ್ತದೆ. ಹಗಲು ಹೀಗೆ ಒಟ್ಟಿಗೆ ಕೈಮುಗಿದವರು ರಾತ್ರಿ ತಮ್ಮ ಖಾಸಾ ಮನೆಗಳಿಗೆ ಮಾತ್ರ ಬೇರೆಯೇ ಹೇಳಿ ಬರುವುದುಂಟು: 'ನನಗೊಂದು ಒತ್ತಿ, ಉಳಿದದ್ದು ಖಾಲಿ ಬಿಡಿ.' ಮೂರು ಮತಗಳ ಹಕ್ಕಿರುವ ಅಜ್ಜಿ ಒಂದೇ ಮೊಹರು ಒತ್ತಿ ಹಾಳೆ ಮಡಚಿದರೆ ಅದು ಸಿಂಧುವೇ. ನಾಲ್ಕನೆಯದನ್ನು ಒತ್ತಿದರೆ ಮಾತ್ರ ಇಡೀ ಮತಪತ್ರ ತಿರಸ್ಕೃತವಾಗುತ್ತದೆ. 2020ರಲ್ಲಿ ಮತಯಂತ್ರ ಬಳಕೆಯಾದದ್ದು ಬೀದರ್ ಜಿಲ್ಲೆಯಲ್ಲಿ. ಉಳಿದೆಡೆಗಳಲ್ಲಿ ಇದೇ ಮತಪತ್ರ, ಇದೇ ಮಡಿಕೆ.

ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ರಾಜ್ಯ ಚುನಾವಣಾ ಆಯೋಗ ಆಟೋರಿಕ್ಷಾದಂಥ ಮುಕ್ತ ಚಿಹ್ನೆಗಳನ್ನು ಹಂಚುತ್ತದೆ. ಆದರೂ ಫಲಿತಾಂಶ ಬಂದ ಸಂಜೆ ಎಲ್ಲ ಪಕ್ಷಗಳೂ 'ನಮ್ಮ ಬೆಂಬಲಿತರು' ಎಂದು ಲೆಕ್ಕ ಕೊಡುತ್ತವೆ, ಆ ಲೆಕ್ಕಗಳನ್ನೆಲ್ಲ ಕೂಡಿಸಿದರೆ ಗೆದ್ದವರ ಸಂಖ್ಯೆಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಇದಕ್ಕೊಂದು ಕಾರಣವಿದೆ. ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರೇ ಮತದಾರರು, ಅವರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿಯವರು. 2021ರ ಡಿಸೆಂಬರ್ 10ರಂದು ಆ ಚುನಾವಣೆ ನಡೆದಾಗ, ತಿಂಗಳಿಗೆ ಅಲ್ಪ ಗೌರವಧನ ಪಡೆಯುವ ಸದಸ್ಯನ ಮನೆ ಬಾಗಿಲಿಗೆ ದೊಡ್ಡ ದೊಡ್ಡ ಕಾರುಗಳು ಬಂದವು. ಇಪ್ಪತ್ತು ವರ್ಷದ ಸದಸ್ಯನಿಗೆ ಈ ಪರಿಚಯಗಳೇ ಆಸ್ತಿ: ಯಾವ ಶಾಸಕರ ಆಪ್ತ ಸಹಾಯಕರು ಫೋನ್ ಎತ್ತುತ್ತಾರೆ, ಯಾವ ಎಂಜಿನಿಯರ್ ಬಳಿ ಕಡತ ನಿಂತಿದೆ ಎಂಬುದು ಹೊಸಬರಿಗೆ ತಿಳಿಯಲು ಒಂದು ಅವಧಿಯೇ ಬೇಕು.

ಈ ಆಸ್ತಿಯ ಬೆಲೆ ಇತ್ತೀಚೆಗೆ ಇನ್ನೂ ಏರಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆದಿತ್ತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತ ವರ್ಷಗಳು ಉರುಳಿದವು, ಆಡಳಿತಾಧಿಕಾರಿಗಳೇ ಕುರ್ಚಿಯಲ್ಲಿ ಕುಳಿತರು. ಆ ವರ್ಷಗಳಲ್ಲಿ ಹಳ್ಳಿಯ ಮತದಾರ ಮತ್ತು ಶಾಸಕರ ನಡುವೆ ಉಳಿದ ಏಕೈಕ ಚುನಾಯಿತ ಸ್ತರವೆಂದರೆ ಗ್ರಾಮ ಪಂಚಾಯಿತಿ. ಮೇಲಿನ ಎರಡು ಮೆಟ್ಟಿಲುಗಳಿಲ್ಲದ ಏಣಿಯನ್ನು ಅನುಭವಿಗಳು ಹೇಗೋ ಹತ್ತಿದರು. ಮೊದಲ ಸಲ ಗೆದ್ದವರು, ವಿಶೇಷವಾಗಿ ಮೀಸಲು ಸ್ಥಾನಗಳಿಂದ ಬಂದ ಬಡವರು, ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕುಳಿತರು.

ಹಾಗಾದರೆ ಇವರ ಇಷ್ಟು ವರ್ಷಗಳ ಕೆಲಸವನ್ನು ಅಳೆಯುವುದು ಹೇಗೆ? ಊರಿನಲ್ಲಿ ಅಳತೆಗೋಲು ಒಂದೇ, ನೀರು. ಬೇಸಿಗೆಯಲ್ಲಿ ಕೊಳವೆ ಬಾವಿಯ ಮೋಟಾರು ಸುಟ್ಟರೆ ಎಷ್ಟು ದಿನಕ್ಕೆ ಮೇಲೆತ್ತಿ ರೀವೈಂಡಿಂಗ್ ಮಾಡಿಸಿ ಇಳಿಸಿದರು ಎಂಬುದನ್ನು ಹೆಂಗಸರು ಮರೆಯುವುದಿಲ್ಲ. ಸಿಮೆಂಟ್ ರಸ್ತೆಯ ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರಿದ್ದರೂ ಅವರಿಗೆ ಒಂದೇ.

ಕಾಗದದ ಅಳತೆಯೂ ಇದೆ, ಅದನ್ನು ಬಳಸುವವರು ಕಡಿಮೆ. ಮನೆ ಹಂಚಿಕೆಯ ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲಿ ಆಗಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕಪತ್ರಗಳನ್ನು ಜನರ ಮುಂದೆ ಇಡಬೇಕು. ಅನೇಕ ಕಡೆ ನಡೆಯುವುದೇನೆಂದರೆ, ಶಾಮಿಯಾನದಡಿ ಇಪ್ಪತ್ತು ಮೂವತ್ತು ಮಂದಿ ಕೂರುತ್ತಾರೆ, ಉಪ್ಪಿಟ್ಟು ಕಾಫಿಯಾಗುತ್ತದೆ, ಕೋರಂ ತುಂಬಲು ಹಾಜರಿ ಪುಸ್ತಕ ಸಂಜೆ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ತುಂಬಿಸಿಕೊಂಡು ಬರುತ್ತದೆ. ಪಂಚಾಯಿತಿಯ ಗುತ್ತಿಗೆಯಲ್ಲಿ ಪಾಲು ಹೊಂದಿದ ಸದಸ್ಯ ಅನರ್ಹನಾಗುತ್ತಾನೆ ಎಂದು ಕಾಯ್ದೆ ಹೇಳುತ್ತದೆ, ಬಿಲ್ಲು ಭಾವಮೈದುನನ ಹೆಸರಿನಲ್ಲಿದ್ದರೆ ಸಾಬೀತು ಮಾಡುವವರು ಯಾರು? ಹತ್ತು ವರ್ಷದ ನಡಾವಳಿ ಪುಸ್ತಕ ತೆರೆದು ಯಾವ ಕೇರಿಗೆ ಎಷ್ಟು ಮನೆ, ಎಷ್ಟು ಬೀದಿದೀಪ ಹೋಗಿದೆ ಎಂದು ಎಣಿಸಿದರೆ ಕರಪತ್ರದಲ್ಲಿಲ್ಲದ ಚಿತ್ರ ಸಿಗುತ್ತದೆ.

ಕೆಲವು ಊರುಗಳಲ್ಲಿ ಮತದಾನದವರೆಗೂ ವಿಷಯ ಹೋಗುವುದೇ ಇಲ್ಲ. ಹಿರಿಯರು ಕೂಡಿ 'ಅವಿರೋಧ' ಎನ್ನುತ್ತಾರೆ. ಹೊಂದಾಣಿಕೆ ಒಂದು ಬಗೆ. ದೇವಸ್ಥಾನದ ಕೆಲಸಕ್ಕೆಂದು ಸ್ಥಾನವನ್ನು ಹರಾಜು ಕೂಗುವುದು ಇನ್ನೊಂದು ಬಗೆ. 2020ರಲ್ಲಿ ಇಂಥ ಹರಾಜುಗಳು ಸುದ್ದಿಯಾಗಿ ಆಯೋಗ ಎಚ್ಚರಿಕೆ ಕೊಟ್ಟಿತ್ತು. ಹರಾಜಿನಲ್ಲಿ ಗೆದ್ದವರು ಆ ಹಣವನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

[ದೃಶ್ಯ: ತಾಲ್ಲೂಕು ಕೇಂದ್ರದ ಮತ ಎಣಿಕೆ ಕೇಂದ್ರದ ಗೇಟು. ಹೊರಗೆ ಗುಂಪು.]

ಎಣಿಕೆಯ ದಿನ ಅಂತರಗಳು ಬಹಳ ಸಣ್ಣವು. ಎರಡು ಮತ, ಐದು ಮತ, ಕೆಲವೊಮ್ಮೆ ಸಮಸಮ; ಆಗ ಚೀಟಿ ಎತ್ತುತ್ತಾರೆ. ಗೆದ್ದರೂ ಅಧ್ಯಕ್ಷಗಿರಿ ಖಚಿತವಲ್ಲ, ಏಕೆಂದರೆ ಆ ಹುದ್ದೆಗೆ ಬೇರೆಯೇ ಮೀಸಲಾತಿ ನಿಗದಿಯಾಗುತ್ತದೆ. 2020ರ ತಿದ್ದುಪಡಿಯ ನಂತರ ಅದರ ಅವಧಿಯೂ ಐದು ವರ್ಷದಿಂದ 30 ತಿಂಗಳಿಗೆ ಇಳಿದಿದೆ.

ಸೋತರೆ ಏನಾಗುತ್ತದೆ ಎಂದು ಕೇಳಬಹುದು. ಮರುದಿನ ಬೆಳಿಗ್ಗೆ ಐದೂವರೆಗೆ ನೀರುಗಂಟಿ ರೂಢಿಯಂತೆ ಹಳೆಯ ನಂಬರಿಗೇ ಫೋನ್ ಮಾಡಿ, 'ಮೆಂಬರ್ರೇ, ಸ್ಟಾರ್ಟರ್ ಟ್ರಿಪ್ ಆಗ್ತಾ ಇದೆ' ಎನ್ನುತ್ತಾನೆ. ಆಮೇಲೆ ನೆನಪಾಗಿ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ.