ಹದಿನೈದು ನಿಮಿಷದ ಅಂಗಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಫುಟ್ಬಾಲ್ ಅಭಿಮಾನಿಗಳು ಟಿಕೆಟ್ ದರದ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿದರು, ಸ್ವಲ್ಪ ಫಲವೂ ಸಿಕ್ಕಿತು. ತಮ್ಮ ತಂಡದ ಹಿಂದೆ ಬೇರೆ ಊರಿಗೆ ಹೋಗಿ ಪ್ರೀಮಿಯರ್ ಲೀಗ್ ಪಂದ್ಯ ನೋಡುವವರ ಟಿಕೆಟ್ಟಿಗೆ 2016-17ರ ಋತುವಿನಿಂದ 30 ಪೌಂಡಿನ ಮಿತಿ ಬಂತು. ಆದರೆ ಗೇಟು ದಾಟಿ ಒಳಗೆ ಹೋದ ಮೇಲೆ ಕೊಳ್ಳುವ ಪೈ ಎಂಬ ಬಿಸಿ ತಿನಿಸು, ಚಹಾ, ಬಿಯರ್, ನೀರಿನ ಬಾಟಲಿಗೆ ಯಾವ ಮಿತಿಯೂ ಇಲ್ಲ. ಒಮ್ಮೆ ಟರ್ನ್‌ಸ್ಟೈಲ್ ದಾಟಿದರೆ ಸಾಮಾನ್ಯವಾಗಿ ಮತ್ತೆ ಹೊರಗೆ ಹೋಗಿ ಬರುವಂತಿಲ್ಲ. ಮಕ್ಕಳಿಬ್ಬರನ್ನು ಕರೆದುಕೊಂಡು ಹೋದ ತಂದೆಯೋ ತಾಯಿಯೋ ಒಳಗಿನ ಮಳಿಗೆ ಹೇಳಿದಷ್ಟು ಕೊಡಲೇಬೇಕು.

ಇದಕ್ಕೆ ಕ್ಲಬ್ಬಿನ ದುರಾಸೆಯೇ ಕಾರಣ ಎಂದುಬಿಡುವುದು ಸುಲಭ. ದುರಾಸೆಯ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ದರ ಇಳಿಯಬೇಕು ಎಂಬ ಕಾಳಜಿ ನಿಜವಾಗಿ ಇರುವವರು ಎರಡು ವಿಷಯಗಳನ್ನು ಬಿಡಿಸಿ ನೋಡಬೇಕು: ಆಟದ ಅರ್ಧಕ್ಕೆ ಬರುವ ವಿರಾಮದ ಹದಿನೈದು ನಿಮಿಷ, ಮತ್ತು ಮಳಿಗೆಯ ಗುತ್ತಿಗೆ.

ಮೊದಲು ಹದಿನೈದು ನಿಮಿಷದ ಲೆಕ್ಕ. ಒಂದು ಸ್ಟ್ಯಾಂಡಿನಲ್ಲಿ 6,000 ಜನ ಕೂತಿದ್ದಾರೆ ಎಂದುಕೊಳ್ಳಿ. ವಿರಾಮದ ಸೀಟಿ ಊದಿದೊಡನೆ ಅವರಲ್ಲಿ ಕಾಲು ಭಾಗ, ಅಂದರೆ 1,500 ಜನ, ಮೆಟ್ಟಿಲಿಳಿದು ಆಸನಗಳ ಅಡಿಯ ಹಜಾರಕ್ಕೆ ಬರುತ್ತಾರೆ. ಏನು ಬೇಕೆಂದು ಕೇಳಿ, ಎತ್ತಿಕೊಟ್ಟು, ಕಾರ್ಡ್ ತಾಗಿಸಿಕೊಂಡು ಒಬ್ಬರನ್ನು ಕಳಿಸಲು 40 ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ, ಹದಿನೈದು ನಿಮಿಷದಲ್ಲಿ ಒಂದು ಕೌಂಟರ್ ನೋಡಿಕೊಳ್ಳಬಲ್ಲದ್ದು 22 ಜನರನ್ನು. 1,500 ಜನಕ್ಕೆ 69 ಕೌಂಟರ್ ಬೇಕಾಯಿತು. ಅಲ್ಲಿರುವುದು ಇಪ್ಪತ್ತೇ ಆದರೆ 440 ಜನಕ್ಕೆ ಸಿಗುತ್ತದೆ, ಉಳಿದವರು ಬರಿಗೈಯಲ್ಲಿ ಮರಳುತ್ತಾರೆ, ಇಲ್ಲವೇ ದ್ವಿತೀಯಾರ್ಧದ ಮೊದಲ ಗೋಲನ್ನು ತಪ್ಪಿಸಿಕೊಳ್ಳುತ್ತಾರೆ.

ಮಳಿಗೆಯ ಮಾಲೀಕನ ಕಣ್ಣಿನಿಂದ ಇದನ್ನೇ ನೋಡಿ. ದರ ಇಳಿಸಿದರೂ ಅವನು ಮಾರಬಲ್ಲದ್ದು 440 ಜನಕ್ಕೇ, ಏರಿಸಿದರೂ 440 ಜನಕ್ಕೇ. ಬೇಡಿಕೆ ಮಾರಾಟದ ಶಕ್ತಿಯ ಮೂರು ಪಟ್ಟಿಗಿಂತ ಹೆಚ್ಚಿರುವ ಕಡೆ ದರ ಇಳಿಸಲು ಅವನಿಗೆ ಯಾವ ಕಾರಣವೂ ಇರುವುದಿಲ್ಲ. ದರ ಏರುತ್ತಾ ಹೋಗುವುದರ ಗುಟ್ಟು ಇಲ್ಲೇ ಇದೆ.

ಕೂಲಿಯೂ ಈ ನಿಧಾನಕ್ಕೆ ಅಂಟಿಕೊಂಡಿದೆ. ಬ್ರಿಟನ್ನಿನಲ್ಲಿ 21 ವರ್ಷ ತುಂಬಿದವರ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್ ಇದ್ದದ್ದು 2025ರ ಏಪ್ರಿಲ್‌ನಲ್ಲಿ 12.21 ಆಯಿತು. ಪಂದ್ಯದ ದಿನದ ನಾಲ್ಕು ಗಂಟೆಯ ಪಾಳಿಗೆ ಅದು ಸುಮಾರು 49 ಪೌಂಡ್. ಒಬ್ಬರು ನಿಂತ ಕೌಂಟರಿಗೆ ಪಂದ್ಯಕ್ಕೆ ಮೊದಲು ಮತ್ತು ವಿರಾಮದಲ್ಲಿ ಸೇರಿ ಬಂದವರು 40 ಗಿರಾಕಿಗಳಾದರೆ, ತಲೆಗೆ ಒಂದು ಪೌಂಡ್ ಇಪ್ಪತ್ತೆರಡು ಪೆನ್ಸ್ ಬರೀ ಕೂಲಿ. ಅದೇ 80 ಗಿರಾಕಿಗಳಾದರೆ 61 ಪೆನ್ಸ್. ಹೊರಗಿನ ಹೋಟೆಲು ವರ್ಷವಿಡೀ ತೆರೆದಿರುತ್ತದೆ. ಮೈದಾನದ ಅಡುಗೆಮನೆಗೆ ಪ್ರೀಮಿಯರ್ ಲೀಗ್‌ನಲ್ಲಿ ತವರಿನ 19 ಲೀಗ್ ಪಂದ್ಯ, ಅದರ ಕೆಳಗಿನ ಮೂರು ಹಂತಗಳಲ್ಲಿ 23 ಪಂದ್ಯ, ಜೊತೆಗೆ ಕಪ್ ಪಂದ್ಯ ಒಂದೋ ಎರಡೋ. ಒಲೆ, ಶೀತಲಪೆಟ್ಟಿಗೆ, ಬಿಯರ್ ಕೊಳವೆ ಎಲ್ಲದರ ಖರ್ಚೂ ಆ ಕೆಲವೇ ಮಧ್ಯಾಹ್ನಗಳಲ್ಲಿ ಹುಟ್ಟಬೇಕು. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಇನ್ನು ಪೈ. ಮೈದಾದ ಕಣಕದೊಳಗೆ ಮಾಂಸವನ್ನೋ, ಆಲೂಗಡ್ಡೆ, ಈರುಳ್ಳಿ, ಚೀಸನ್ನೋ ಹೂರಣವಾಗಿ ತುಂಬಿ ಬೇಯಿಸಿದ ತಿನಿಸು ಇದು, ಅಲ್ಲಿನ ಮೈದಾನದ ನಿಜವಾದ ಊಟ. ಪಂದ್ಯ ಮೂರು ಗಂಟೆಗೆ ಶುರುವಾದರೆ ವಿರಾಮ ಬರುವುದು ಮೂರು ಮುಕ್ಕಾಲು ದಾಟಿದ ಮೇಲೆ. ತಣ್ಣಗಿಟ್ಟ ಪೈ ಒಲೆಯಲ್ಲಿ ಒಳಗಿನವರೆಗೆ ಬಿಸಿಯಾಗಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಹಾಗಾಗಿ ಎಷ್ಟು ಪೈ ಒಲೆಗಿಡಬೇಕು ಎಂಬುದನ್ನು ಆಟ ಶುರುವಾಗುವ ಹೊತ್ತಿಗೇ ಅಂದಾಜಿನಲ್ಲಿ ತೀರ್ಮಾನಿಸಬೇಕಾಗುತ್ತದೆ. ಬಿಸಿ ಮಾಡಿ ಕಪಾಟಿನಲ್ಲಿಟ್ಟ ತಿನಿಸು 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು ಎಂಬುದು ಇಂಗ್ಲೆಂಡಿನ ಆಹಾರ ನಿಯಮ. ಮಾರಾಟಕ್ಕಿಟ್ಟಾಗ ಅದಕ್ಕಿಂತ ಕೆಳಗಿರಲು ಒಂದೇ ಸಲ, ಎರಡು ಗಂಟೆಯವರೆಗೆ ವಿನಾಯಿತಿ ಉಂಟು. ಕಪಾಟಿನಲ್ಲಿ ಹೆಚ್ಚು ಹೊತ್ತು ಕೂತ ಪೈಯ ತಳ ಮೆತ್ತಗಾಗಿ ಅಂಚು ಒಣಗುತ್ತದೆ. ಉಳಿದದ್ದು ಕಸಕ್ಕೆ. ಕಡಿಮೆ ಇಟ್ಟರೆ ವಿರಾಮದ ಐದನೇ ನಿಮಿಷಕ್ಕೇ ಖಾಲಿ. ಹೀಗೆ ಬಿಸಾಡಿದ ಪೈಗಳ ಬೆಲೆಯೂ ಮಾರಿದ ಪೈಯ ಮೇಲೆಯೇ ಕೂರುತ್ತದೆ.

ಈಗ ಹಣ ಎಲ್ಲಿಗೆ ಹೋಗುತ್ತದೆ ನೋಡೋಣ. ಉದಾಹರಣೆಗೆ ಪೈಗೆ 4 ಪೌಂಡ್ 80 ಪೆನ್ಸ್ ಎಂದುಕೊಳ್ಳಿ. ಬಿಸಿ ತಿನಿಸಿನ ಮೇಲೆ 20 ಶೇಕಡಾ ವ್ಯಾಟ್ ಇರುವುದರಿಂದ 80 ಪೆನ್ಸ್ ಸರ್ಕಾರಕ್ಕೆ. ಉಳಿದ 4 ಪೌಂಡಿನಲ್ಲಿ ಕ್ಲಬ್ಬಿಗೆ 35 ಶೇಕಡಾ ಕಮಿಷನ್ ಕೊಡಬೇಕೆಂದು ಗುತ್ತಿಗೆಯಲ್ಲಿದ್ದರೆ 1 ಪೌಂಡ್ 40 ಪೆನ್ಸ್ ಅಲ್ಲಿಗೆ ಹೋಯಿತು. ಮಿಕ್ಕ 2 ಪೌಂಡ್ 60 ಪೆನ್ಸ್‌ನಲ್ಲಿ ಪೈಯ ಖರೀದಿ, ಕೂಲಿ, ವಿದ್ಯುತ್, ಕಾರ್ಡ್ ಶುಲ್ಕ, ಬಿಸಾಡಿದ ಮಾಲು, ಆಮೇಲೆ ಗುತ್ತಿಗೆದಾರನ ಲಾಭ. ಮಾಂಸದ ಬೆಲೆ ಇಪ್ಪತ್ತು ಪೆನ್ಸ್ ಏರಿತೆಂದರೆ, ಗುತ್ತಿಗೆದಾರನ ಕೈಗೆ ಆ ಇಪ್ಪತ್ತು ಪೆನ್ಸ್ ಪೂರ್ತಿ ಮರಳಿ ಬರಲು ಪೈಯ ದರ ಸುಮಾರು 37 ಪೆನ್ಸ್ ಏರಬೇಕು. ಏರಿದ್ದರಲ್ಲೂ ವ್ಯಾಟ್, ಕಮಿಷನ್ ಎರಡೂ ಪಾಲು ಕೇಳುತ್ತವೆ. ಹೊರಗಿನ ಅಂಗಡಿಗಿಂತ ಮೈದಾನದಲ್ಲಿ ದರ ಜಿಗಿಯುವುದು ಹೀಗೆ.

ದೊಡ್ಡ ಮೈದಾನಗಳ ಊಟೋಪಚಾರ ಹೆಚ್ಚಾಗಿ ದೊಡ್ಡ ಕಂಪನಿಗಳ ಕೈಯಲ್ಲಿರುತ್ತದೆ. ಗುತ್ತಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕಂಪನಿ ಮಾರಾಟದ ಇಂತಿಷ್ಟು ಪಾಲನ್ನು ಕ್ಲಬ್ಬಿಗೆ ಕೊಡುತ್ತದೆ, ಅನೇಕ ಸಲ ಅಡುಗೆಮನೆ ಕಟ್ಟಲು ಮುಂಗಡ ಹಣವನ್ನೂ ಹಾಕಿ, ಬದಲಿಗೆ ಹಲವು ವರ್ಷಗಳ ಹಕ್ಕು ಪಡೆಯುತ್ತದೆ. ಹಾಕಿದ ಹಣ ವಾಪಸಾಗುವವರೆಗೆ ದರ ಇಳಿಸುವ ಮಾತೇ ಏಳುವುದಿಲ್ಲ. ಇನ್ನೊಂದರಲ್ಲಿ ಮಾರಾಟದ ಹಣವೆಲ್ಲ ಕ್ಲಬ್ಬಿನದು, ನಡೆಸಿಕೊಟ್ಟದ್ದಕ್ಕೆ ಕಂಪನಿಗೆ ಶುಲ್ಕ. ಇಲ್ಲಿ ದರದ ಹಿಡಿತ ಕ್ಲಬ್ಬಿನ ಕೈಯಲ್ಲಿ ಉಳಿಯುತ್ತದೆ. ಸಣ್ಣ ಕ್ಲಬ್ಬುಗಳಲ್ಲಿ ತಾವೇ ಅಡುಗೆಮನೆ ನಡೆಸುವವರೂ ಇದ್ದಾರೆ. ಮೊರ್ಕಮ್ ಕ್ಲಬ್ಬಿನ ಪೈ, ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್‌ನ ಕಾಟೇಜ್ ಪೈ ಆಟಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಹಾಗೆ.

ಎರಡನೆಯ ಬಗೆಯ ಗುತ್ತಿಗೆ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ಮರ್ಸಿಡಿಸ್-ಬೆನ್ಜ್ ಕ್ರೀಡಾಂಗಣಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. 2017ರಲ್ಲಿ ತೆರೆದ ಇದು ಅಟ್ಲಾಂಟಾ ಯುನೈಟೆಡ್ ಫುಟ್ಬಾಲ್ ತಂಡಕ್ಕೂ, ಅಮೆರಿಕನ್ ಫುಟ್ಬಾಲಿನ ಫಾಲ್ಕನ್ಸ್ ತಂಡಕ್ಕೂ ತವರು. ಮಾಲೀಕ ಆರ್ಥರ್ ಬ್ಲ್ಯಾಂಕ್ ದರ ನಿಗದಿಯ ಹಕ್ಕನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಹಾಟ್‌ಡಾಗ್ 2 ಡಾಲರ್, ನೀರಿನ ಬಾಟಲಿ 2 ಡಾಲರ್, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಸೋಡಾ 2 ಡಾಲರ್, ಪಿಜ್ಜಾ ತುಂಡು 3 ಡಾಲರ್, ಬಿಯರ್ 5 ಡಾಲರ್. ತೆರಿಗೆ ಒಳಸೇರಿಸಿ, ಚಿಲ್ಲರೆಯೇ ಬೇಡದಂತೆ ಪೂರ್ಣ ಡಾಲರಿಗೆ ಇಟ್ಟ ದರ ಅದು. ಚಿಲ್ಲರೆ ಎಣಿಸುವುದು ತಪ್ಪಿದರೆ ಒಬ್ಬೊಬ್ಬ ಗಿರಾಕಿಯ ಮೇಲೂ ಕೆಲವು ಸೆಕೆಂಡ್ ಉಳಿಯುತ್ತದೆ. ನಮ್ಮ ಮೊದಲಿನ ಲೆಕ್ಕದಲ್ಲಿ 40 ಸೆಕೆಂಡ್ 25ಕ್ಕೆ ಇಳಿದರೆ ಒಂದು ಕೌಂಟರಿಗೆ 22 ಇದ್ದವರು 36 ಆಗುತ್ತಾರೆ, ಇಪ್ಪತ್ತು ಕೌಂಟರಿಗೆ 440ರ ಜಾಗದಲ್ಲಿ 720. ಮೊದಲ ಋತುವಿನಲ್ಲಿ ಫಾಲ್ಕನ್ಸ್ ಪಂದ್ಯಗಳಿಗೆ ಬಂದ ಅಭಿಮಾನಿ ತಲಾ ಮಾಡಿದ ಖರ್ಚು ಹಳೆಯ ಕ್ರೀಡಾಂಗಣದ ಕೊನೆಯ ಋತುವಿಗಿಂತ 16 ಶೇಕಡಾ ಹೆಚ್ಚಿತ್ತು ಎಂದು ಅವರೇ ಪ್ರಕಟಿಸಿದರು. 2019ರಲ್ಲಿ ಹಾಟ್‌ಡಾಗ್ ದರವನ್ನು ಒಂದೂವರೆ ಡಾಲರಿಗೆ ಇಳಿಸಿದರು. ಹೊಸ ಕ್ರೀಡಾಂಗಣದ ಆಕರ್ಷಣೆಯೂ ಇದರಲ್ಲಿ ಸೇರಿರಬಹುದು, ನಿಜ. ಆದರೂ ಅಗ್ಗಕ್ಕೆ ಮಾರಿದರೆ ಮುಳುಗುತ್ತೇವೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಇಂಗ್ಲೆಂಡಿನಲ್ಲಿ ವೇಗಕ್ಕೆ ಮನಸ್ಸು ಕೊಟ್ಟ ಉದಾಹರಣೆ ಲಂಡನ್ನಿನ ಟಾಟನಂ ಹಾಟ್ಸ್‌ಪರ್ ಕ್ರೀಡಾಂಗಣ. 2019ರಲ್ಲಿ ತೆರೆದಾಗಲೇ ನಗದು ವ್ಯವಹಾರ ಇರಲಿಲ್ಲ. ಬಿಯರ್ ಲೋಟದ ತಳದಲ್ಲಿ ಅಯಸ್ಕಾಂತದ ಬಿಲ್ಲೆಯಿದೆ. ಲೋಟವನ್ನು ಯಂತ್ರದ ಮೇಲೆ ಒತ್ತಿಟ್ಟರೆ ಬಿಲ್ಲೆ ಮೇಲೆದ್ದು ಕೆಳಗಿನಿಂದ ತುಂಬುತ್ತದೆ, ಎತ್ತಿದಾಗ ಮುಚ್ಚಿಕೊಳ್ಳುತ್ತದೆ. ಬಡಿಸುವವರು ನಲ್ಲಿ ಹಿಡಿದು ನಿಲ್ಲಬೇಕಿಲ್ಲ, ಏಕಕಾಲಕ್ಕೆ ನಾಲ್ಕಾರು ಲೋಟ ತುಂಬಿಸಬಹುದು. ಕುಡಿಯುವವರು ಕುತೂಹಲಕ್ಕೆ ಆ ಬಿಲ್ಲೆಯನ್ನು ಕೆಳಗಿನಿಂದ ಒತ್ತಿದರೆ ಮಾತ್ರ ಇಡೀ ಬಿಯರ್ ಕಾಲ ಮೇಲೆ. ಇಂಥ ಯಂತ್ರಕ್ಕೆ ಹಣವಿಲ್ಲದ ಮೈದಾನಗಳಲ್ಲಿ ಸೀಟಿಗೆ ಮೊದಲೇ ಲೋಟಗಳನ್ನು ತುಂಬಿಟ್ಟಿರುತ್ತಾರೆ. ನೊರೆ ಇಳಿದು ಸಪ್ಪೆಯಾದರೂ ದರ ಅದೇ.

ಬಿಯರಿನ ನೂಕುನುಗ್ಗಲಿಗೆ ಕಾನೂನಿನ ಪಾಲೂ ಇದೆ. ಮೈದಾನಗಳ ಗಲಭೆ ವಿಪರೀತವಾಗಿದ್ದ ಕಾಲದಲ್ಲಿ, 1985ರಲ್ಲಿ ಬಂದ ಕಾಯ್ದೆಯಂತೆ ಇಂಗ್ಲೆಂಡಿನ ಮೇಲಿನ ಐದು ಹಂತಗಳ ಪುರುಷರ ಪಂದ್ಯಗಳಲ್ಲಿ ಆಟ ಕಾಣುವ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಹಜಾರದಲ್ಲೇ ಮುಗಿಸಬೇಕು. ಜರ್ಮನಿಯಲ್ಲಿ ಲೋಟ ಹಿಡಿದು ಆಸನಕ್ಕೆ ಹೋಗಬಹುದು, ಹಾಗಾಗಿ ಅಲ್ಲಿ ಕೊಳ್ಳುವವರು ಇಡೀ ಪಂದ್ಯದ ಉದ್ದಕ್ಕೂ ಹಂಚಿಹೋಗುತ್ತಾರೆ. 2021ರಲ್ಲಿ ಆಗಿನ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನಾ ವರದಿ ಕೆಳಹಂತದ ಲೀಗುಗಳಲ್ಲಿ ಈ ನಿರ್ಬಂಧವನ್ನು ಪ್ರಾಯೋಗಿಕವಾಗಿ ಸಡಿಲಿಸಲು ಹೇಳಿತ್ತು. ವಿರಾಮದ ಒತ್ತಡ ತಗ್ಗಿದರೆ ಮದ್ಯ ಮುಟ್ಟದವರ ಸಾಲೂ ಚಿಕ್ಕದಾಗುತ್ತದೆ ಎಂಬ ಕಾರಣಕ್ಕೆ ನನಗೆ ಅದು ಸರಿ ಎನಿಸುತ್ತದೆ.

ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆ ನೆಲೆಸಿರುವ ಅಥವಾ ಅಲ್ಲಿಗೆ ಹೋಗಿ ಪಂದ್ಯ ನೋಡಲಿರುವ ಕನ್ನಡಿಗರಿಗೆ ಕೆಲವು ಮಾತು. ತಿನ್ನುವುದು ಮೈದಾನದಲ್ಲೇ ಎಂದಾದರೆ ಪಂದ್ಯಕ್ಕೆ ಒಂದು ಗಂಟೆ ಮೊದಲು ಒಳಗೆ ಹೋಗಿ. ಬೇಗ ಬಂದವರಿಗೆ ರಿಯಾಯಿತಿ ಕೊಡುವ ಕ್ಲಬ್ಬುಗಳಿವೆ, ಪೈಯೂ ಆಗತಾನೇ ಒಲೆಯಿಂದ ಇಳಿದಿರುತ್ತದೆ. ಮಾಂಸ ತಿನ್ನದವರು ಚೀಸ್ ಮತ್ತು ಈರುಳ್ಳಿ ಪೈ ಕೇಳಿ. ಅದನ್ನು ಕಡಿಮೆ ಸಂಖ್ಯೆಯಲ್ಲಿ ಇಡುವುದರಿಂದ ವಿರಾಮದ ಹೊತ್ತಿಗೆ ಮುಗಿದಿರುವುದೇ ಹೆಚ್ಚು. ಬೋವ್ರಿಲ್ ಎಂದು ಲೋಟದಲ್ಲಿ ಕೊಡುವ ಕಂದು ಬಣ್ಣದ ಬಿಸಿ ಪಾನೀಯ ಚಹಾವಲ್ಲ, ಅದು ದನದ ಮಾಂಸದ ಸಾರ. ಉತ್ತರ ಇಂಗ್ಲೆಂಡಿನಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ರೂಢಿಯೂ ಇದೆ, ಕೇಳಿ ತೆಗೆದುಕೊಳ್ಳಿ. ಪೂರ್ತಿ ಸಸ್ಯಾಹಾರ, ಹಾಲು ಬೆಣ್ಣೆಯೂ ಇಲ್ಲದ್ದು ಬೇಕೆಂದರೆ ಫಾರೆಸ್ಟ್ ಗ್ರೀನ್ ರೋವರ್ಸ್ ಮೈದಾನದಲ್ಲಿ 2015ರಿಂದ ಬೇರೇನನ್ನೂ ಮಾರುವುದಿಲ್ಲ.

ನೀರಿಗೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಮದ್ಯ ಮಾರುವ ಪರವಾನಗಿ ಇರುವ ಜಾಗದಲ್ಲಿ ಗಿರಾಕಿ ಕೇಳಿದರೆ ಕುಡಿಯುವ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕೆಂಬುದು 2010ರಿಂದ ಪರವಾನಗಿಯ ಕಡ್ಡಾಯ ಷರತ್ತು. ಬಾಟಲಿ ಕೊಂಡರೆ ಮುಚ್ಚಳ ಕಿತ್ತು ಕೊಡುವುದು ಅಲ್ಲಿನ ಪದ್ಧತಿ, ತುಂಬಿದ ಬಾಟಲಿಯನ್ನು ಯಾರೂ ಎಸೆಯಬಾರದೆಂದು. ಹೀಗಾಗಿ ಉಳಿದ ನೀರನ್ನು ಚೀಲಕ್ಕಿಡಲಾಗದು. ಬಿಯರ್ ಕೊಳ್ಳುವವರು ದರದ ಜೊತೆ ಅಳತೆಯನ್ನೂ ನೋಡಬೇಕು. ನಲ್ಲಿಯ ಬಿಯರ್ ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಅದು 6 ಪೌಂಡ್ ಆದರೆ ನೂರು ಮಿಲಿಗೆ 1 ಪೌಂಡ್ 6 ಪೆನ್ಸ್. ಪಕ್ಕದಲ್ಲಿ 330 ಮಿಲಿ ಬಾಟಲಿ 5 ಪೌಂಡಿಗೆ ಅಗ್ಗವಾಗಿ ಕಂಡರೂ ನೂರು ಮಿಲಿಗೆ 1 ಪೌಂಡ್ 52 ಪೆನ್ಸ್ ಬಿದ್ದಿರುತ್ತದೆ.

ನಮ್ಮ ಕಡೆ ಸ್ಥಿತಿ ಬೇರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡುವವರ ಕೈಯಲ್ಲಿ ಒಂದು ಅಸ್ತ್ರವಿದೆ: ಪೊಟ್ಟಣದ ಮೇಲಿನ ಎಂಆರ್‌ಪಿ. ಅದಕ್ಕಿಂತ ಹೆಚ್ಚು ದರಕ್ಕೆ ಚಿಲ್ಲರೆ ಮಾರಾಟ ಮಾಡುವಂತಿಲ್ಲವೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಹೋಟೆಲು, ರೆಸ್ಟೋರೆಂಟುಗಳಿಗೆ ಸೇವೆಯೂ ಸೇರಿರುವ ಕಾರಣ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮೆಟ್ಟಿಲ ಮೇಲೆ ನಿಂತು ಬಾಟಲಿ ಕೈಗಿಡುವ ಮಳಿಗೆಯನ್ನು ರೆಸ್ಟೋರೆಂಟ್ ಎನ್ನಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬಾಟಲಿ ಒಡೆದು ಕಾಗದದ ಲೋಟಕ್ಕೆ ಸುರಿದು ಕೊಟ್ಟರೆ ಎಂಆರ್‌ಪಿ ಮಾಯವಾಗುತ್ತದೆ, ಅಳತೆಯೂ ತಿಳಿಯುವುದಿಲ್ಲ. ಸುರಿಯುವ ಮೊದಲೇ ಬಾಟಲಿ ತೋರಿಸಲು ಹೇಳಿ, ಮುದ್ರಿತ ದರದ ಫೋಟೋ ತೆಗೆಯಿರಿ, ಬಿಲ್ ಕೇಳಿ. ಯುಪಿಐಯಲ್ಲಿ ಕೊಟ್ಟಿದ್ದರೆ ಅದರ ದಾಖಲೆಯೂ ಸಾಕ್ಷಿಯೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಮತ್ತೆ ಇಂಗ್ಲೆಂಡಿಗೆ ಬರೋಣ. 2023-24ರಿಂದ ಪ್ರೀಮಿಯರ್ ಲೀಗ್‌ನ ಪ್ರತಿ ಕ್ಲಬ್ಬಿನಲ್ಲೂ ಅಭಿಮಾನಿಗಳ ಸಲಹಾ ಮಂಡಳಿ ಇರಬೇಕೆಂಬ ನಿಯಮವಿದೆ. ಅಲ್ಲಿ ಕೂರುವವರು ಬರೀ ದರ ಜಾಸ್ತಿಯಾಯಿತು ಎಂದರೆ, ಎಲ್ಲ ಕಡೆಯೂ ಬೆಲೆ ಏರಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗುತ್ತಿಗೆ ಕಮಿಷನ್ನಿನದೋ ಶುಲ್ಕದ್ದೋ, ಯಾವ ವರ್ಷಕ್ಕೆ ಮುಗಿಯುತ್ತದೆ, ದರಕ್ಕೆ ಕೊನೆಯ ಒಪ್ಪಿಗೆ ಯಾರದ್ದು ಎಂದು ಕೇಳಬೇಕು. ಒಂದು ಕೌಂಟರಿನಲ್ಲಿ ವಿರಾಮದ ಹೊತ್ತಿಗೆ ಎಷ್ಟು ಜನಕ್ಕೆ ಕೊಟ್ಟಿದ್ದಾರೆ ಎಂಬ ಅಂಕಿಯನ್ನು ಸ್ಟ್ಯಾಂಡುವಾರು ಕೇಳಬೇಕು; ಗಲ್ಲಾ ಯಂತ್ರದಲ್ಲಿ ಅದು ದಾಖಲಾಗಿಯೇ ಇರುತ್ತದೆ. ಬೇರೆ ಊರಿನಿಂದ ಬಂದ ಅಭಿಮಾನಿಗಳ ಮೂಲೆಯ ಅಂಕಿಯನ್ನು ಮರೆಯದೆ ಬೇರೆಯಾಗಿ ಕೇಳಿ, ಅವರ ಪರವಾಗಿ ಆ ಮಂಡಳಿಯಲ್ಲಿ ಮಾತಾಡುವವರು ಇರುವುದಿಲ್ಲ. ಆಗಸ್ಟಿನಲ್ಲಿ ಋತು ಶುರುವಾಗುವ ಹೊತ್ತಿಗೆ ದರಪಟ್ಟಿ ಅಚ್ಚಾಗಿರುತ್ತದೆ, ಮಾಲಿನ ಒಪ್ಪಂದಗಳೂ ಮುಗಿದಿರುತ್ತವೆ. ಈ ಪ್ರಶ್ನೆಗಳು ಏಪ್ರಿಲ್ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಬರಹದಲ್ಲಿ ಇರಬೇಕು.

ನಮಸ್ಕಾರ.