ನಾಲೆಯ ನೀರು ಮತ್ತು ಯಂತ್ರಕ್ಕೆ ಕಲಿಸುವ ನೀತಿ

ಕೇಳುಗರಿಗೆ ನಮಸ್ಕಾರ.

ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದ ರೈತರೊಬ್ಬರು ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತಾರೆ ಅಂತಿಟ್ಟುಕೊಳ್ಳಿ: "ಭತ್ತ ಒಣಗಾಕತ್ತೈತಿ, ರಾತ್ರಿ ನಾಲೆಗೆ ಮೋಟರ್ ಇಟ್ಟು ನೀರು ಎತ್ತೋದು ಹ್ಯಾಂಗ?" ಉಪಾಯ ಹೇಳಿಕೊಟ್ಟರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದವರಿಗೆ ನೀರು ತಪ್ಪುತ್ತದೆ. ಅಪರಾಧ ಅಂದು ಸುಮ್ಮನಾದರೆ ಕೇಳಿದವರ ಬೆಳೆ ಹೋಗುತ್ತದೆ. ಕದ್ದು ಎತ್ತುವುದು ಯಾಕೆ ಬೇಡ ಎಂದು ಹೇಳಿ, ನೀರು ಬಳಕೆದಾರರ ಸಂಘದಲ್ಲಿ ಸರದಿ ಕೇಳುವ ದಾರಿ ತೋರಿಸುವುದೇ ಸರಿಯಾದ ಉತ್ತರ.

ಇಂಥ ಉತ್ತರ ಕೊಡುವುದನ್ನು ಯಂತ್ರಕ್ಕೆ ಕಲಿಸುವ ರೂಢಿಯ ಕ್ರಮ ಹೀಗಿದೆ. ಅಪಾರ ಬರಹ ಓದಿದ ಯಂತ್ರಕ್ಕೆ ಮೊದಲು ಮನುಷ್ಯರು ಬರೆದ ಒಳ್ಳೆಯ ಉತ್ತರಗಳನ್ನು ತೋರಿಸುತ್ತಾರೆ. ಆಮೇಲೆ ಒಂದೇ ಪ್ರಶ್ನೆಗೆ ಯಂತ್ರ ಕೊಟ್ಟ ಹಲವು ಉತ್ತರಗಳಲ್ಲಿ ಯಾವುದು ಮೇಲು ಎಂದು ಮನುಷ್ಯರು ಆರಿಸುತ್ತಾರೆ. ಆ ಆಯ್ಕೆಗಳಿಂದ ಉತ್ತರಗಳಿಗೆ ಅಂಕ ಕೊಡುವ ಇನ್ನೊಂದು ಯಂತ್ರ ತಯಾರಾಗುತ್ತದೆ. ಹೆಚ್ಚು ಅಂಕ ಬರುವಂತೆ ಮೂಲ ಯಂತ್ರವನ್ನು ತಿದ್ದುತ್ತಾರೆ.

2022ರಲ್ಲಿ ಓಪನ್‌ಎಐ ಕಂಪನಿ ಪ್ರಕಟಿಸಿದ ಇನ್‌ಸ್ಟ್ರಕ್ಟ್‌ಜಿಪಿಟಿ ಎಂಬ ಯಂತ್ರದ ಕೆಲಸದಲ್ಲಿ ಹೀಗೆ ಆರಿಸಿದವರು ಸುಮಾರು 40 ಜನ. ಅವರಲ್ಲೂ ಒಬ್ಬರ ಆಯ್ಕೆ ಇನ್ನೊಬ್ಬರದಕ್ಕೆ ಹೊಂದಿದ್ದು ನೂರಕ್ಕೆ ಸುಮಾರು 73 ಸಲ. ಉಳಿದ ಭಿನ್ನಾಭಿಪ್ರಾಯವನ್ನು ಬಹುಮತದಿಂದ ಅಳಿಸಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆರಿಸುವವರೆಲ್ಲ ಮೇಲ್ಭಾಗದ ಗಂಗಾವತಿ ಕಡೆಯ ಭತ್ತದ ಬೆಳೆಗಾರರೇ ಆದರೆ, ಕೊನೆಭಾಗದವರ ನ್ಯಾಯ ಯಂತ್ರದ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಡೆಯವರನ್ನು ಕೂಡಿಸಬೇಕು. ಒಬ್ಬರ ಆಯ್ಕೆ ಇನ್ನೊಬ್ಬರಿಗೆ ಕಾಣಬಾರದು. ಆಯ್ಕೆಯ ಜೊತೆ ಒಂದು ಸಾಲು ಕಾರಣ ಬರೆಸಬೇಕು. ಜಗಳ ಎಲ್ಲಿದೆ ಎಂಬುದು ಆ ಸಾಲಿನಲ್ಲೇ ತಿಳಿಯುತ್ತದೆ. ಉತ್ತರಗಳ ಕ್ರಮವನ್ನೂ ಅದಲುಬದಲು ಮಾಡಬೇಕು, ಮೊದಲು ಓದಿದ್ದಕ್ಕೆ ಮನಸ್ಸು ವಾಲುವುದುಂಟು.

ಇಷ್ಟಾದರೂ ಯಂತ್ರ ಅಡ್ಡದಾರಿ ಹಿಡಿಯುತ್ತದೆ. ಉದ್ದ ಉತ್ತರಕ್ಕೆ ಅಂಕ ಸಿಕ್ಕರೆ ಉದ್ದ ಬರೆಯುತ್ತದೆ. ಹೌದೆಂದರೆ ಅಂಕ ಸಿಕ್ಕರೆ ಎಲ್ಲರಿಗೂ ಹೌದೆನ್ನುತ್ತದೆ, ಇದು ದೊಡ್ಡ ಕೇಡು. ಪರೀಕ್ಷೆ ಸುಲಭ: ಒಂದೇ ತಕರಾರನ್ನು ಮೊದಲು ಮೇಲ್ಭಾಗದ ರೈತನಾಗಿ, ಆಮೇಲೆ ಹೊಸದಾಗಿ ಶುರುಮಾಡಿ ಕೊನೆಭಾಗದ ರೈತನಾಗಿ ಕೇಳಿ. ಇಬ್ಬರಿಗೂ "ನಿಮ್ಮದೇ ಸರಿ" ಅಂದರೆ ಅದು ಓಲೈಕೆ ಕಲಿತಿದೆ ಅಂತಲೇ ಅರ್ಥ.

ಇದಕ್ಕೆ ವಿರುದ್ಧದ ತಪ್ಪು ಅತಿಯಾದ ನಿರಾಕರಣೆ. "ಹತ್ತಿಗೆ ಔಷಧಿ ಹೊಡೆದ ಮೇಲೆ ತಲೆ ತಿರುಗುತ್ತಿದೆ" ಅಂದವರಿಗೆ, ವಿಷದ ಮಾತೆಂದು ಯಂತ್ರ ಉತ್ತರ ತಡೆದರೆ ಜೀವಕ್ಕೇ ಕುತ್ತು. ಹೊಲದಿಂದ ಆಚೆ ಬನ್ನಿ, ಬಟ್ಟೆ ಕಳಚಿ ಸೋಪು ನೀರಿನಿಂದ ಮೈ ತೊಳೆಯಿರಿ, 108ಕ್ಕೆ ಕರೆ ಮಾಡಿ, ಔಷಧಿಯ ಲೇಬಲ್ ಆಸ್ಪತ್ರೆಗೆ ಒಯ್ಯಿರಿ ಎಂದು ಅದು ತಡಮಾಡದೆ ಹೇಳಬೇಕು. ಆದ್ದರಿಂದ ತರಬೇತಿಯಲ್ಲಿ ಒಂದೇ ಥರ ಕಾಣುವ ಪ್ರಶ್ನೆಗಳನ್ನು ಜೋಡಿಯಾಗಿ ಇಡಬೇಕು: ಒಂದು ಹಾನಿ ಮಾಡಲು ಕೇಳಿದ್ದು, ಇನ್ನೊಂದು ಜೀವ ಉಳಿಸಿಕೊಳ್ಳಲು ಕೇಳಿದ್ದು. ಐದರಲ್ಲೊಂದು ಜೋಡಿಯನ್ನು ತರಬೇತಿಗೆ ತೋರಿಸದೆ ಪರೀಕ್ಷೆಗೆಂದೇ ಎತ್ತಿಡಿ. ಅವು ಇಂಗ್ಲಿಷಿನಿಂದ ಅನುವಾದಿಸಿದವು ಆಗಿರಬಾರದು, ರಾಯಚೂರಿನವರು ಮಾತಾಡುವಂತೆಯೇ ಇರಲಿ.